ಮಗಳು ಚಿಕ್ಕ ಎಂಜಿನಿಯರಿಂಗ್ ಕಾಲೇಜೇ ಬೇಕು ಅನ್ನುತ್ತಿದ್ದಾಳೆ, ಓಲಿನ್ ಬಗ್ಗೆ ಗೊತ್ತಿದ್ದವರು ಹೇಳಿ

ಬೆಣ್ಣೆದೋಸೆ_ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಮಗಳು ಈಗ ಹನ್ನೊಂದನೇ ಕ್ಲಾಸು. ‘ಫಸ್ಟ್’ ಎಂಬ ರೋಬಾಟ್ ಸ್ಪರ್ಧೆಗೆ ಹೋಗುವ ಶಾಲೆಯ ತಂಡದಲ್ಲಿದ್ದಾಳೆ, ಜನವರಿ ಬಂತೆಂದರೆ ಮನೆಯಲ್ಲಿ ಅವಳ ಮುಖ ನೋಡಲು ಸಿಗುವುದೇ ರಾತ್ರಿ ಊಟದ ಹೊತ್ತಿಗೆ. ಈಗ ನೀಡಮ್‌ನಲ್ಲಿರುವ ಓಲಿನ್ ಕಾಲೇಜ್ ಆಫ್ ಎಂಜಿನಿಯರಿಂಗ್‌ಗೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಇಡೀ ಕಾಲೇಜಿನಲ್ಲಿ ಇರುವುದು ಸುಮಾರು 400 ಮಕ್ಕಳು! ಮೊದಲ ದಿನದಿಂದಲೇ ತಂಡ ಕಟ್ಟಿಕೊಂಡು ಏನಾದರೂ ಮಾಡುತ್ತಾ ಇರುವುದೇ ಅಲ್ಲಿಯ ಓದು.

ನಾನು ದಾವಣಗೆರೆಯಲ್ಲಿ ಓದಿದವನು. ಡ್ರಾಯಿಂಗ್ ಹಾಕುವ ಡ್ರಾಫ್ಟರ್ ಹಿಡಿದುಕೊಂಡು ಸಿಟಿ ಬಸ್ಸಿನಲ್ಲಿ ನೇತಾಡಿದ್ದು, ಫಿಟ್ಟಿಂಗ್ ಶಾಪಿನಲ್ಲಿ ಕಬ್ಬಿಣದ ವಿ-ಜಾಯಿಂಟ್ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಬಂದಿದ್ದು, ನಮಗೆ ಕೈಕೆಲಸ ಅಂದರೆ ಅಷ್ಟೇ. ಎಲ್ಲರದ್ದೂ ಒಂದೇ ಅಳತೆ, ಒಂದೇ ಜಾಯಿಂಟ್. ಡಿಸೈನ್ ಅಂದರೆ ಡೇಟಾ ಹ್ಯಾಂಡ್‌ಬುಕ್ ತೆಗೆದು ಗೇರಿನ ಹಲ್ಲಿನ ಲೆಕ್ಕ ಮಾಡುವುದು.

ಅದಕ್ಕೇ ಕೇಳುತ್ತಿದ್ದೇನೆ. ಓಲಿನ್ ತರಹ ಮಾಡುತ್ತಾ ಓದಿದರೆ ಥಿಯರಿ ಗಟ್ಟಿಯಾಗುತ್ತಾ? ತಂಡದಲ್ಲಿ ಒಬ್ಬಳೇ ದುಡಿದು ಉಳಿದವರು ಮಾರ್ಕ್ಸ್ ಹೊಡೆದುಕೊಂಡರೆ ಏನು ಗತಿ? ಊರಿಗೆ ಫೋನ್ ಮಾಡಿದರೆ ಭಾವ ‘ಅದ್ಯಾವ ಕಾಲೇಜು, ಹೆಸರೇ ಕೇಳಿಲ್ಲವಲ್ಲ’ ಎನ್ನುತ್ತಾರೆ. ಇಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯ ಯುಮಾಸ್ ಆಮ್ಹರ್ಸ್ಟ್‌ನಲ್ಲಿ ನಮಗೆ ಈ ರಾಜ್ಯದವರಿಗಿರುವ ಕಡಿಮೆ ಫೀಸಿಗೇ ಸೀಟು ಸಿಗಬಹುದು, ಅದನ್ನು ಬಿಡುವುದು ಸರಿಯಾ?

ನೀಡಮ್_ಚಿಕ್ಕಮ್ಮ

ನನ್ನ ಅಕ್ಕನ ಮಗ ಅಲ್ಲೇ ಓದಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಹೆಸರು ಕೇಳಿಲ್ಲ ಅನ್ನುವುದಕ್ಕೆ ಕಾರಣ ಅದು ಹೊಸ ಕಾಲೇಜು. ಓಲಿನ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆ ಅದಕ್ಕೂ ಮೊದಲು ಬೇರೆ ಬೇರೆ ಕಾಲೇಜುಗಳಿಗೆ ಕಟ್ಟಡ ಕಟ್ಟಿಸಿಕೊಡುತ್ತಿತ್ತು. 1997ರಲ್ಲಿ ಈ ಕಾಲೇಜನ್ನು ಶುರು ಮಾಡಿ, ಇದ್ದಬದ್ದ ದುಡ್ಡನ್ನೆಲ್ಲ ಇದಕ್ಕೇ ಸುರಿದು, ಕೊನೆಗೆ ತನ್ನ ಬಾಗಿಲನ್ನೇ ಹಾಕಿಕೊಂಡಿತು. 2001ರಲ್ಲಿ 15 ಹುಡುಗರು, 15 ಹುಡುಗಿಯರನ್ನು ಕರೆಸಿ ಒಂದು ವರ್ಷ ಇಟ್ಟುಕೊಂಡು, ಪಾಠ ಹೇಗಿರಬೇಕು ಎಂದು ಅವರ ಜೊತೆಗೇ ಕೂತು ಪ್ರಯೋಗ ಮಾಡಿದರು. 2002ರಲ್ಲಿ ಮೊದಲ ಬ್ಯಾಚು. ಅಲ್ಲಿ ಡಿಪಾರ್ಟ್‌ಮೆಂಟ್‌ಗಳೇ ಇಲ್ಲ, ಮೇಷ್ಟ್ರುಗಳಿಗೆ ಟೆನ್ಯೂರ್, ಅಂದರೆ ಕಾಯಂ ನೌಕರಿ, ಕೂಡ ಇಲ್ಲ.

ಮೊದಲ ವರ್ಷದಲ್ಲೇ ಡಿಸೈನ್ ನೇಚರ್ ಅಂತ ಒಂದು ಕೋರ್ಸ್ ಇದೆ. ಮಿಡತೆಯೋ ಚಿಗಟವೋ, ಹಾರುವ ಒಂದು ಜೀವಿಯನ್ನು ನೋಡಿ ಅದೇ ತರಹ ನೆಗೆಯುವ ಪುಟ್ಟ ಆಟಿಕೆ ಮಾಡಬೇಕು. ಆಮೇಲೆ ತಂಡವಾಗಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಆಟಿಕೆ ಮಾಡಿ ಅವರ ಮುಂದೆಯೇ ಇಡಬೇಕು. ಆ ವಯಸ್ಸಿನ ಮಕ್ಕಳು ಮುಲಾಜು ನೋಡುವುದಿಲ್ಲ, ಚೆನ್ನಾಗಿಲ್ಲದಿದ್ದರೆ ಎರಡು ನಿಮಿಷಕ್ಕೆ ಬಿಟ್ಟು ಓಡುತ್ತವೆ.

ಇದೇನು ಆಟ ಆಡಿಸುತ್ತಾರಾ ಎಂದು ನನಗೂ ಅನ್ನಿಸಿತ್ತು. ಒಂದು ರಜೆಯಲ್ಲಿ ಹುಡುಗ ನಮ್ಮ ಊಟದ ಮೇಜಿನ ಹತ್ತಿರ ಕೂತು ಲೆಕ್ಕ ತೋರಿಸಿದ. ಆಟಿಕೆ 20 ಗ್ರಾಂ ತೂಗುತ್ತದೆ, ಅದನ್ನು ನೆಗೆಸುವ ಬಗ್ಗಿಸಿದ ಪಟ್ಟಿಯಲ್ಲಿ 0.05 ಜೂಲ್ ಶಕ್ತಿ ಇದೆ ಅಂದುಕೊಳ್ಳಿ. ಎಲ್ಲವೂ ಮೇಲೇಳುವುದಕ್ಕೇ ಹೋದರೆ ಸುಮಾರು 25 ಸೆಂಟಿಮೀಟರ್ ಎತ್ತರ ನೆಗೆಯಬೇಕು. ನೆಗೆದಿದ್ದು ಅದರ ಅರ್ಧವೂ ಇಲ್ಲ. ಹಾಗಾದರೆ ಉಳಿದ ಶಕ್ತಿ ಎಲ್ಲಿ ಹೋಯಿತು? ಕೀಲಿನಲ್ಲಿ ಉಜ್ಜಾಟ, ಗಾಳಿಯಲ್ಲಿ ಪಲ್ಟಿ, ಎರಡು ಕಾಲು ಒಟ್ಟಿಗೆ ನೆಲ ಬಿಡದೆ ಒಂದು ಮೊದಲು ಒಂದು ಆಮೇಲೆ. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಅದನ್ನೆಲ್ಲ ಹುಡುಕಿ, ಕಾಲಿನ ಆಕಾರ ಬದಲಿಸಿ, ಮತ್ತೆ ಕತ್ತರಿಸಿ... ಎನರ್ಜಿ ಕನ್ಸರ್ವೇಶನ್ ನಾವೂ ಓದಿದ್ದೆವು, ಅಲ್ವಾ? ನಮ್ಮ ಲೆಕ್ಕದಲ್ಲಿ ‘ಘರ್ಷಣೆಯನ್ನು ನಿರ್ಲಕ್ಷಿಸಿ’ ಎಂದು ಬರೆದಿರುತ್ತಿತ್ತು, ಅಲ್ಲಿಗೆ ಮುಗಿಯಿತು.

ಗಣಿತ ಕಡಿಮೆ ಅನ್ನುವ ಭಯ ಬೇಡ. ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕುಲಸ್, ಫಿಸಿಕ್ಸ್ ಮೂರನ್ನೂ ಸೇರಿಸಿ ಒಂದೇ ಕೋರ್ಸಿನಲ್ಲಿ ಕಲಿಸುತ್ತಾರೆ. ಒಂದು ದೋಣಿ ಡಿಸೈನ್ ಮಾಡಿ, ಎಷ್ಟು ಡಿಗ್ರಿ ವಾಲಿದರೆ ಅದು ಮಗುಚುತ್ತದೆ ಎಂದು ಇಂಟಿಗ್ರಲ್ ಹಾಕಿ ಹೇಳಬೇಕು. ಆಮೇಲೆ ನಿಜವಾಗಿ ನೀರಿಗೆ ಬಿಡಬೇಕು. ಐಗೆನ್‌ವ್ಯಾಲ್ಯೂ (ಲೀನಿಯರ್ ಆಲ್ಜಿಬ್ರಾದ ಒಂದು ಪಾಠ) ಕಲಿಯುವುದು ಕಂಪ್ಯೂಟರಿಗೆ ಮುಖ ಗುರುತಿಸುವುದನ್ನು ಹೇಳಿಕೊಡುವಾಗ. ಆದರೆ ಒಂದು ಮಾತು. ಪಾಠ ಮೊದಲು, ಪ್ರಯೋಗ ಆಮೇಲೆ ಎನ್ನುವ ಕ್ರಮ ಬೇಕು ಅನ್ನುವ ಮಕ್ಕಳಿಗೆ ಅಲ್ಲಿ ತಲೆ ಕೆಡುತ್ತದೆ. ಏನು ಗೊತ್ತಿಲ್ಲವೋ ಅದನ್ನು ಅರ್ಧ ದಾರಿಯಲ್ಲಿ ಹುಡುಕಿ ಕಲಿಯಬೇಕು.

ಪೀಣ್ಯ_ಟೂಲ್‌ರೂಮ್

ನಾನು ವಿಟಿಯು. ಪೀಣ್ಯದಲ್ಲಿ ಜಿಗ್ಸ್ ಮತ್ತು ಫಿಕ್ಸ್ಚರ್ (ಯಂತ್ರದಲ್ಲಿ ಬಿಡಿಭಾಗವನ್ನು ಹಿಡಿದಿಡುವ ಸಲಕರಣೆ) ಡಿಸೈನ್, ಹೊಸಬರನ್ನು ಇಂಟರ್‌ವ್ಯೂ ಮಾಡುವುದೂ ನನ್ನ ತಲೆಗೇ ಕಟ್ಟಿದ್ದಾರೆ. ನಮ್ಮ ಕಾಲೇಜಿನಲ್ಲೂ ಫೈನಲ್ ಇಯರ್‌ನಲ್ಲಿ ನಾಲ್ಕು ಜನರ ತಂಡ ಇತ್ತು ಸ್ವಾಮಿ. ಪಕ್ಕದ ಬ್ಯಾಚಿನವರು ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ತಂದರು, ರಿಪೋರ್ಟ್ ಕೂಡ ಸ್ಪೈರಲ್ ಬೈಂಡ್ ಮಾಡಿಯೇ ಕೊಟ್ಟಿದ್ದರು. ವೈವಾದಲ್ಲಿ ಆ ಮೋಟರ್ ಯಾಕೆ ಆರಿಸಿದಿರಿ ಅಂದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಮಾರ್ಕ್ಸ್ ಬಂತು.

ಈಗ ಇಂಟರ್‌ವ್ಯೂಗೆ ಬಂದವರಿಗೆ ನಾನು ಒಂದು ಬ್ರಾಕೆಟ್ ಕೈಗೆ ಕೊಟ್ಟು, ಇದರ ಬೋಲ್ಟ್ ಬಿಗಿಯಬೇಕಾದರೆ ಸ್ಪ್ಯಾನರ್ ಎಲ್ಲಿಂದ ಹಾಕುತ್ತೀಯ ಎಂದು ಕೇಳುತ್ತೇನೆ. ಏನಾದರೂ ಕೈಯಾರೆ ಮಾಡಿದವನಿಗೆ ಜಾಗ ಸಾಲದು ಅನ್ನುವುದು ತಕ್ಷಣ ಹೊಳೆಯುತ್ತದೆ. ಕಾಲೇಜು ತಂಡಗಳ ಬಾಹಾ ಸ್ಪರ್ಧೆಗೆ ಗಾಡಿ ಕಟ್ಟಿದ ಹುಡುಗರು ಸಾಮಾನ್ಯವಾಗಿ ತಪ್ಪುವುದಿಲ್ಲ. ಕಾಲೇಜಿನ ಹೆಸರು ನಾನಂತೂ ಆಮೇಲೆ ನೋಡುವುದು.

ಪಲ್ಯ_ಇನ್_ಪಸಡೀನಾ

ಓಲಿನ್ ಒಂದೇ ನೋಡಬೇಡಿ. ನಮ್ಮ ಕಡೆ, ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ ಹಾರ್ವೀ ಮಡ್ ಕಾಲೇಜಿದೆ, 1955ರಲ್ಲಿ ಶುರುವಾದದ್ದು, ಸುಮಾರು 900 ಮಕ್ಕಳು. ಕಂಪನಿಗಳು ತಮ್ಮ ನಿಜವಾದ ಸಮಸ್ಯೆ ತಂದು, ದುಡ್ಡನ್ನೂ ಕೊಟ್ಟು, ವಿದ್ಯಾರ್ಥಿಗಳ ತಂಡ ಅದನ್ನು ಬಿಡಿಸುವ ಕ್ಲಿನಿಕ್ ಪದ್ಧತಿ ಅಲ್ಲಿ 1963ರಿಂದ ಇದೆ. ಓಲಿನ್‌ನ ಕೊನೆಯ ವರ್ಷದ ಸ್ಕೋಪ್ ಎಂಬ ಪ್ರಾಜೆಕ್ಟ್ ಕೂಡ ಇದೇ ಜಾತಿಯದು.

ಮಡ್‌ನಲ್ಲಿ ಡಿಸೈನ್ ಕೋರ್ಸಿನ ಜೊತೆಗೆ ಪ್ರತಿಯೊಬ್ಬರೂ ಮಷೀನ್ ಶಾಪಿನಲ್ಲಿ ಒಂದು ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಮಾಡುತ್ತಾರೆ, ಡ್ರಾಯಿಂಗ್ ನೋಡಿಕೊಂಡು, ಲೇಥ್ ಹಿಡಿದು. ನಿಮ್ಮ ವಿ-ಜಾಯಿಂಟ್ ಅಷ್ಟೇನೂ ಹಳೇ ಕಾಲದ್ದಲ್ಲ ಬಿಡಿ. ಇನ್ನೊಂದು ಕೋರ್ಸಿನಲ್ಲಿ ನೀರೊಳಗೆ ಓಡಾಡುವ ರೋಬಾಟ್ ಕಟ್ಟಿ, ಸಮುದ್ರಕ್ಕಿಳಿಸಿ ಅಳತೆ ತೆಗೆದುಕೊಂಡು ಬರುತ್ತಾರೆ. ಅಲ್ಲಿಯ ಡಿಗ್ರಿ ಬರೀ ‘ಎಂಜಿನಿಯರಿಂಗ್’, ಬ್ರಾಂಚೇ ಇಲ್ಲ. ಊರಲ್ಲಿ ಯಾವ ಬ್ರಾಂಚು ಅಂತ ಕೇಳಿದರೆ ಭಾವನಿಗೆ ಏನು ಹೇಳುತ್ತೀರೋ ನಿಮಗೇ ಬಿಟ್ಟಿದ್ದು :) ಓಲಿನ್‌ನಲ್ಲಾದರೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಆಂಡ್ ಕಂಪ್ಯೂಟರ್ ಅಂತ ಹೇಳಿಕೊಳ್ಳಬಹುದು.

ದುಡ್ಡಿನ ವಿಷಯ ಮಾತ್ರ ಹುಷಾರು. ಓಲಿನ್ ಶುರುವಿನಲ್ಲಿ ಸೇರಿದ ಎಲ್ಲರಿಗೂ ಪೂರ್ತಿ ಕಾಲೇಜು ಫೀಸು (ಟ್ಯೂಷನ್) ಮಾಫಿ ಮಾಡುತ್ತಿತ್ತು. 2008ರ ಆರ್ಥಿಕ ಕುಸಿತದ ನಂತರ ಅದನ್ನು ಅರ್ಧಕ್ಕೆ ಇಳಿಸಿದರು. ಹಳೇ ಲೇಖನ ಓದಿಕೊಂಡು ಫ್ರೀ ಅಂದುಕೊಂಡು ಬರುವವರು ಇನ್ನೂ ಇದ್ದಾರೆ. ಈ ವರ್ಷದ ಲೆಕ್ಕವನ್ನು ನಿಮಗೆ ಎಷ್ಟು ಬೀಳುತ್ತದೆ ಎಂದು ತೋರಿಸುವ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲೇ ಹಾಕಿ ನೋಡಿ, ಆಮೇಲೆ ಯುಮಾಸ್ ಜೊತೆ ಹೋಲಿಸಿ. ವ್ಯತ್ಯಾಸಕ್ಕೆ ಸಾಲ ಮಾಡಬೇಕಾಗಿ ಬಂದರೆ ನಾನಾದರೆ ಯುಮಾಸ್‌ಗೇ ಕಳಿಸಿ, ಅಲ್ಲೇ ಯಾವುದಾದರೂ ರೇಸಿಂಗ್ ತಂಡ ಸೇರಿಕೋ ಅನ್ನುತ್ತಿದ್ದೆ.

ಉಣಕಲ್_ಮಾಸ್ತರ್

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ತಂಡದಲ್ಲಿ ಒಬ್ಬಳೇ ದುಡಿದರೆ ಎಂದು ಕೇಳಿದ್ದೀರಲ್ಲ, ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ನಮ್ಮ ಹುಬ್ಬಳ್ಳಿಯ ಕೆಎಲ್‌ಇ ಟೆಕ್‌ನಲ್ಲಿ, ಅಂದರೆ ಹಳೇ ಬಿವಿಬಿಯಲ್ಲಿ, ಮೊದಲ ವರ್ಷದಲ್ಲೇ ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್ ಅಂತ ಕೋರ್ಸ್ ಇದೆ. ತಂಡ ಕಟ್ಟಿಕೊಂಡು ಸಮಸ್ಯೆ ಹಿಡಿದು, ಮೆಕ್ಯಾನಿಸಂ, ಸೆನ್ಸರ್, ಪ್ರೋಗ್ರಾಂ ಎಲ್ಲ ಸೇರಿಸಿ ಏನಾದರೂ ಓಡುವಂಥದ್ದು ಮಾಡುವುದು. ಅದೇನೂ ಚಿಕ್ಕ ಕಾಲೇಜಲ್ಲ. ಹಾಗಾಗಿ ಇಂಥ ಓದು ಚಿಕ್ಕ ಕಾಲೇಜಿನಲ್ಲಿ ಮಾತ್ರ ಸಾಧ್ಯ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಿಕ್ಕದಾದರೆ ಒಂದು ಅನುಕೂಲ ಇದೆ: ಮೇಷ್ಟ್ರು ಪ್ರತಿ ಮೇಜಿನ ಹತ್ತಿರ ನಿಲ್ಲಬಹುದು. ಕದ್ದು ಕೂರುವವನು ಅಲ್ಲಿ ಸಿಕ್ಕಿಬೀಳುತ್ತಾನೆ. ಅರವತ್ತು ಜನರ ಬ್ಯಾಚಿಗೆ ಒಬ್ಬ ಮೇಷ್ಟ್ರಾದರೆ ತಂಡ ಅನ್ನುವುದು ಮದುವೆ ಮನೆಯ ಅಡುಗೆಯಂತೆ, ಯಾರು ಹೆಚ್ಚಿದರು ಯಾರು ಹುರಿದರು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ನನಗೆ ಕದ್ದು ಕೂರುವವರಿಗಿಂತ ಜಾಸ್ತಿ ಚಿಂತೆ ಇನ್ನೊಂದು. ವರ್ಷ ವರ್ಷ ನೋಡುತ್ತೇನೆ. ತಂಡದಲ್ಲಿ ಒಬ್ಬಳು ಹುಡುಗಿ ಇದ್ದರೆ ಎರಡನೇ ವಾರಕ್ಕೆಲ್ಲ ಪಿಪಿಟಿ ಅವಳದ್ದು, ರಿಪೋರ್ಟ್ ಅವಳದ್ದು, ಯಾವತ್ತು ಏನು ಮುಗಿಸಬೇಕು ಎಂಬ ಪಟ್ಟಿಯೂ ಅವಳದ್ದೇ. ಸೋಲ್ಡರಿಂಗ್ ಐರನ್ ಮಾತ್ರ ಹುಡುಗರ ಕೈಯಲ್ಲಿ. ಯಾರೂ ಬೇಕಂತ ಮಾಡುವುದಿಲ್ಲ, ‘ನಿನ್ನ ಅಕ್ಷರ ಚೆಂದ’ ಎಂದು ಶುರುವಾಗುತ್ತದೆ. ನಾನೀಗ ಪಾತ್ರಗಳನ್ನು ಬಲವಂತವಾಗಿ ಬದಲಿಸುತ್ತೇನೆ, ರಿವ್ಯೂ ದಿನ ಸರ್ಕ್ಯೂಟಿನ ಪ್ರಶ್ನೆಯನ್ನು ರಿಪೋರ್ಟ್ ಬರೆದವರಿಗೇ ಕೇಳುತ್ತೇನೆ. ಮಗಳಿಗೆ ರೋಬಾಟಿಕ್ಸ್ ತಂಡದಲ್ಲಿ ಈಗ ಯಾವ ಕೆಲಸ ಸಿಕ್ಕಿದೆ ಎಂದು ಒಮ್ಮೆ ಸುಮ್ನೆ ವಿಚಾರಿಸಿ ನೋಡಿ.

ಬೆಣ್ಣೆದೋಸೆ_ಮೆಕ್ಯಾನಿಕಲ್

ಎಲ್ಲರಿಗೂ ಥ್ಯಾಂಕ್ಸ್. ಮಾಸ್ತರ್, ನಿನ್ನೆ ರಾತ್ರಿಯೇ ಕೇಳಿದೆ. ಮೊದಲ ವರ್ಷ ಅವಳು ಮಾಡಿದ್ದು ತಂಡದ ಬ್ಯಾನರ್ ಮತ್ತು ಸ್ಪಾನ್ಸರ್‌ಗಳಿಗೆ ಇಮೇಲ್. ಈ ವರ್ಷ ಜಗಳ ಮಾಡಿ ರೋಬಾಟಿನ ಚಕ್ರ ಓಡಿಸುವ ಭಾಗಕ್ಕೆ, ಡ್ರೈವ್‌ಟ್ರೇನ್‌ಗೆ ಬಂದಿದ್ದಾಳಂತೆ. ನನಗೆ ಇಷ್ಟು ದಿನ ಇದು ಗೊತ್ತೇ ಇರಲಿಲ್ಲ.

ಚಿಕ್ಕಮ್ಮ, ಅಡ್ಮಿಷನ್ ಹೇಗೆ? ಬರೀ ಮಾರ್ಕ್ಸ್ ಮೇಲೆ ತೆಗೆದುಕೊಳ್ಳುತ್ತಾರಾ?

ನೀಡಮ್_ಚಿಕ್ಕಮ್ಮ

ಇಲ್ಲ. ಅರ್ಜಿ ನೋಡಿ ಒಂದಷ್ಟು ಜನರನ್ನು ಆರಿಸಿ, ಕ್ಯಾಂಡಿಡೇಟ್ಸ್ ವೀಕೆಂಡ್ ಎಂದು ಕಾಲೇಜಿಗೆ ಕರೆಯುತ್ತಾರೆ. ಅಲ್ಲಿ ಇಂಟರ್‌ವ್ಯೂ ಇರುತ್ತದೆ, ಗುರುತಿಲ್ಲದ ಮಕ್ಕಳ ಜೊತೆ ಸೇರಿ ಏನಾದರೂ ಕಟ್ಟುವ ಕೆಲಸವೂ ಇರುತ್ತದೆ. ಡ್ರೈವ್‌ಟ್ರೇನ್‌ಗೆ ಜಗಳ ಮಾಡಿದ ಕಥೆಯನ್ನು ಅರ್ಜಿಯಲ್ಲೇ ಬರೆಯಲಿ, ಬ್ಯಾನರ್ ಕಥೆಯನ್ನೂ ಬಿಡದೆ. ಸೆಮಿಸ್ಟರ್ ಕೊನೆಗೆ ಮಕ್ಕಳು ತಮ್ಮ ಕೆಲಸ ತೋರಿಸುವ ಎಕ್ಸ್‌ಪೋ ನಡೆಯುತ್ತದೆ. ಅಡ್ಮಿಷನ್ ಆಫೀಸಿಗೆ ಬರೆದು ಹೊರಗಿನವರು ಬರಬಹುದಾ ಕೇಳಿ. ಹೋದರೆ ಮಗಳನ್ನು ಅವಳ ಪಾಡಿಗೆ ಬಿಡಿ, ನೀವು ಬೇರೆ ಕಡೆಯಿಂದ ಸುತ್ತಿ. ಓಡದೇ ನಿಂತ ಯಂತ್ರದ ಪಕ್ಕ ನಿಂತಿರುವ ತಂಡವನ್ನೇ ಹುಡುಕಿ ಮಾತಾಡಿಸಿ, ಅವರ ಹತ್ತಿರ ಹೇಳುವುದಕ್ಕೆ ಜಾಸ್ತಿ ಇರುತ್ತದೆ.