ಸಿನಿಮಾ ಕಂಪನಿ ನೋಂದಣಿ: ಐನ್‌ಮನೆ ವಿಳಾಸ ಕೊಟ್ಟೆವು, ಅರ್ಜಿ ವಾಪಸ್ ಬಂತು

ನಾಪೋಕ್ಲು_ಹುಡುಗ
ಎಲ್ಲರಿಗೂ ನಮಸ್ಕಾರ. ಕೊಡವ ಭಾಷೆಯಲ್ಲಿ ಸಣ್ಣ ಸಿನಿಮಾ ಮಾಡಲು ನಾನೂ ನನ್ನ ಗೆಳೆಯನೂ ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯುತ್ತಿದ್ದೇವೆ. ವಿಳಾಸಕ್ಕೆ ನಮ್ಮ ಐನ್‌ಮನೆಯನ್ನೇ, ಅಂದ್ರೆ ಇಡೀ ಮನೆತನಕ್ಕೆ ಸೇರಿದ ಮೂಲ ಮನೆಯನ್ನೇ, ಕೊಟ್ಟಿದ್ದೆವು. ತಿದ್ದಿ ಕಳಿಸಿ ಅಂತ ಅರ್ಜಿ ವಾಪಸ್ ಬಂದಿದೆ. ಕರೆಂಟ್ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅಪ್ಪ. 15 ದಿನದೊಳಗೆ ಸರಿ ಮಾಡಬೇಕು.

ಸಿನಿಮಾ ಕಂಪನಿ ಅಂದ್ರೆ ಬೆಂಗಳೂರಲ್ಲೇ ಇರಬೇಕು, ಅಲ್ಲಿರುವ ತನ್ನ ಬಾಡಿಗೆ ಮನೆ ವಿಳಾಸ ಹಾಕೋಣ ಅಂತಾನೆ ಗೆಳೆಯ. ಇರಿಟ್ಟಿಯ ನೆಂಟರು ಕೇರಳದಲ್ಲಿ ಮಾಡಿ ಅಂತಾರೆ. ಯಾವುದು ಸರಿ?

ಗೋಣಿಕೊಪ್ಪ_ಕ್ಯಾಮೆರಾ
ತಮ್ಮಾ, ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಕಂಪನಿ ನೋಂದಣಿ ಬೇರೆ, ಬ್ಯಾನರ್ (ಸಿನಿಮಾ ತೆಗೆಯುವ ಸಂಸ್ಥೆಯ ಹೆಸರು) ನೋಂದಣಿ ಬೇರೆ. ಬ್ಯಾನರ್, ಸಿನಿಮಾ ಹೆಸರು ಇವಕ್ಕೆ ಬೆಂಗಳೂರಿನ ಫಿಲ್ಮ್ ಚೇಂಬರ್‌ಗೆ ಹೋಗಬೇಕು. ಸೆನ್ಸಾರ್‌ನ ಪ್ರಾದೇಶಿಕ ಕಚೇರಿಯೂ ಅಲ್ಲೇ ಇದೆ. ಆದರೆ ಕಂಪನಿ ಅರ್ಜಿ ಪೂರ್ತಿ ಆನ್‌ಲೈನ್. ಮಡಿಕೇರಿ ವಿಳಾಸ ಕೊಟ್ಟರೂ ಬೆಂಗಳೂರು ವಿಳಾಸ ಕೊಟ್ಟರೂ ಕಂಪನಿಗಳ ರಿಜಿಸ್ಟ್ರಾರ್ ಒಬ್ಬರೇ, ಶುಲ್ಕವೂ ಒಂದೇ.

ನಾನೂ ಮೊದಲು ಬೆಂಗಳೂರಲ್ಲಿ ಗೆಳೆಯನ ಮನೆ ವಿಳಾಸವೇ ಹಾಕಿದ್ದೆ. ಎರಡೇ ವರ್ಷಕ್ಕೆ ಅವನು ಮನೆ ಖಾಲಿ ಮಾಡಿದ. ಆಮೇಲೆ ಬಂದ ನೋಟಿಸ್ ನನ್ನ ಕೈಗೆ ಸೇರಲೇ ಇಲ್ಲ, ದಂಡ ಕಟ್ಟಿದೆ. ವಿಳಾಸವನ್ನು ಗೋಣಿಕೊಪ್ಪಕ್ಕೆ ತರೋಕೆ ಷೇರುದಾರರ ಸಭೆ ಕರೆದು ವಿಶೇಷ ನಿರ್ಣಯ ಮಾಡಬೇಕಾಯ್ತು, ಮತ್ತೆ ಫಾರಂ, ಮತ್ತೆ ಆಡಿಟರ್ ಫೀಸು. ರಿಜಿಸ್ಟ್ರಾರ್ ಕಡೆಯವರು ಸ್ಥಳ ನೋಡಲು ಬರಬಹುದು ಅಂತ ಕಾನೂನಲ್ಲೇ ಇದೆ. ಅಲ್ಲಿ ನಿಮ್ಮವರು ಯಾರೂ ಇಲ್ಲದಿದ್ದರೆ ಕಷ್ಟ ಅಲ್ವಾ?

ಕೇರಳ ಬೇಡವೇ ಬೇಡ. ಮುಂದೆ ಈ ಕಡೆ ಬರಬೇಕು ಅನಿಸಿದರೆ ರಾಜ್ಯ ದಾಟಿಸಲು ಕೇಂದ್ರದ ಕಂಪನಿ ಇಲಾಖೆಯ ರೀಜನಲ್ ಡೈರೆಕ್ಟರ್ ಅನುಮತಿ ಬೇಕು. ಕೊಡವ ಸಿನಿಮಾಗಳಿಗೂ ನಮ್ಮ ರಾಜ್ಯ ಸರ್ಕಾರದ ಸಹಾಯಧನ ಇದೆ, ಅದಕ್ಕೆ ನೀವು ಓಡಾಡಬೇಕಾದ್ದು ಬೆಂಗಳೂರಿಗೆ, ಕೊಚ್ಚಿಗಲ್ಲ.

ಇನ್ನು ಐನ್‌ಮನೆ. ಜಮ್ಮಾ ಜಾಗದ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆರ್‌ಟಿಸಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರು, ಪಾಲುದಾರರು ಮನೆತುಂಬ. ಎಲ್ಲರ ಒಪ್ಪಿಗೆ ಕೂಡಿಸುವಷ್ಟರಲ್ಲಿ 15 ದಿನ ಮುಗಿದಿರುತ್ತೆ. ಐನ್‌ಮನೆ ಮೇಲಿನ ಪ್ರೀತಿ ನನಗೆ ಗೊತ್ತು, ಆದರೆ ಈ ಕೆಲಸಕ್ಕೆ ಒಬ್ಬರ ಹೆಸರಲ್ಲಿ ಕಾಗದ ಇರುವ ಮನೆ ಹುಡುಕಿ. ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಬಿಲ್ 2 ತಿಂಗಳಿಗಿಂತ ಹಳೆಯದಾಗಿರಬಾರದು. ಬಾಡಿಗೆ ರೂಮ್ ಆದರೂ ನಡೆಯುತ್ತೆ, ಕರಾರು ಪತ್ರ ಜೊತೆಗಿರಲಿ.

ಕುಶಾಲನಗರ_ಲೆಕ್ಕ
ಪ್ರೈವೇಟ್ ಲಿಮಿಟೆಡ್ ಯಾಕೆ? ಒಂದು ರೂಪಾಯಿ ಆದಾಯ ಇಲ್ಲದಿದ್ದರೂ ಪ್ರತಿ ವರ್ಷ ಆಡಿಟ್ ಮಾಡಿಸಬೇಕು. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆ ಖರ್ಚಿಲ್ಲ.

ನಾಪೋಕ್ಲು_ಹುಡುಗ
ಗೊತ್ತು ಸರ್. ದುಡ್ಡು ಹಾಕುವ ಚಿಕ್ಕಪ್ಪ ಷೇರು ಕೇಳಿದ್ದಾರೆ. ಅದಕ್ಕೇ ಪ್ರೈವೇಟ್ ಲಿಮಿಟೆಡ್.

ಗೋಣಿಕೊಪ್ಪ_ಕ್ಯಾಮೆರಾ
ಆ ಚಿಕ್ಕಪ್ಪನ ಮನೆ ಎಲ್ಲಿ? ಕಾಗದ ಯಾರ ಹೆಸರಲ್ಲಿದೆ?

ನಾಪೋಕ್ಲು_ಹುಡುಗ
ಅಣ್ಣಾ, ನೀವು ಕೇಳಿದ್ದು ಒಳ್ಳೇದಾಯ್ತು! ಅವರದು ಮಡಿಕೇರಿ ಪೇಟೆಯಲ್ಲಿ ಸ್ವಂತ ಮನೆ, ಖಾತೆ, ಬಿಲ್ ಎರಡೂ ಅವರದೇ ಹೆಸರಲ್ಲಿ. ಹೋದ ತಿಂಗಳ ಬಿಲ್ ಇಟ್ಟು, ಅವರ ಸಹಿ ಹಾಕಿಸಿ ಮತ್ತೆ ಕಳಿಸಿದೆವು. ಇವತ್ತು ಬೆಳಿಗ್ಗೆ ಪ್ರಮಾಣಪತ್ರ ಬಂತು. ಹೊರಗೆ ಬೋರ್ಡ್ ಹಾಕಲೇಬೇಕು, ಅದು ಊರಿನ ಭಾಷೆಯಲ್ಲೂ ಇರಬೇಕು ಅಂತ ಆಡಿಟರ್ ಹೇಳಿದರು. ಬರೆಯುವವರಿಗೆ ಆಗಲೇ ಹೇಳಿ ಬಂದೆ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್.