'ಬಿಳಿ ಜುಲು' ಫಾರ್ವರ್ಡ್ ಮತ್ತು ನಮ್ಮ ಬ್ಯಾಚಿನ ಜಗಳ

(ಎಸ್ಸೆಸ್ಸೆಲ್ಸಿ ಗೆಳೆಯರ ಗುಂಪು, ಶನಿವಾರ ರಾತ್ರಿ. ಸ್ಟಿಕ್ಕರ್, ಗುಡ್ ನೈಟ್, ಗುಲಾಬಿ ಹೂವು ಎಲ್ಲ ತೆಗೆದು ಹಾಕಿದ್ದೇನೆ. ಅಡ್ಮಿನ್ ಆದವನಿಗೆ ಅಷ್ಟಾದರೂ ಅಧಿಕಾರ ಇರಬೇಕು.)

ಅನಂತ: [ವಿಡಿಯೋ] ಈ ಬಿಳಿಯನನ್ನು ನೋಡಿ!! ಇಂಗ್ಲೆಂಡಿನಲ್ಲಿ ಹುಟ್ಟಿ, ಆಫ್ರಿಕದ ಕಾಡಿನಲ್ಲಿ ಜುಲು ಜನರ ಜೊತೆ ಬೆಳೆದು, ಅವರ ಭಾಷೆ, ವೇಷ, ಕುಣಿತ ಎಲ್ಲವನ್ನೂ ತನ್ನದಾಗಿಸಿಕೊಂಡ. ಸ್ವತಃ ನೆಲ್ಸನ್ ಮಂಡೇಲಾ ವೇದಿಕೆಗೆ ಬಂದು ಇವನ ಹಾಡಿಗೆ ಹೆಜ್ಜೆ ಹಾಕಿದರು. ನಮ್ಮ ಮಕ್ಕಳಿಗೆ ಪಂಚೆ ಉಡಲು ನಾಚಿಕೆ!! ಹತ್ತು ಜನರಿಗೆ ಕಳಿಸಿ.

ವಿನಾಯಕ: ಕಾಡು ಎಲ್ಲಿಂದ ಬಂತು ಮಾರಾಯ? ಈ ಗಾಯಕ ಜಾನಿ ಕ್ಲೆಗ್ ಬೆಳೆದದ್ದು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಪೇಟೆಯಲ್ಲಿ. ನಾನು ಇಲ್ಲೇ ಕೂತಿದ್ದೇನೆ, ಕಿಟಕಿ ತೆಗೆದರೆ ಕಾಣೋದು ಪೆಟ್ರೋಲ್ ಬಂಕು.

ಅನಂತ: ಕಾಡೋ ಪೇಟೆಯೋ, ವಿಷಯ ಅದಲ್ಲ. ಮಂಡೇಲಾ ಕುಣಿದದ್ದು ಸುಳ್ಳಾ?

ವಿನಾಯಕ: ಅದು ನಿಜ. 1999, ಜರ್ಮನಿಯ ಫ್ರಾಂಕ್‌ಫರ್ಟ್. ಮಂಡೇಲಾ ಜೈಲಲ್ಲಿದ್ದಾಗ ಅವರ ಬಗ್ಗೆಯೇ ಕಟ್ಟಿದ ಹಾಡು ಅದು, 'ಅಸಿಂಬೊನಾಂಗಾ'. ಕ್ಲೆಗ್ ಹಾಡ್ತಾ ಇದ್ದಾನೆ, ಮುದುಕ ಹಿಂದಿನಿಂದ ಸುಮ್ಮನೆ ನಡೆದು ಬಂದುಬಿಟ್ಟ. ಎಷ್ಟು ಸಲ ನೋಡಿದ್ರೂ ಮೈ ಜುಮ್ ಅಂತದೆ.

ಶೈಲಾ: ನನಗೆ ಅನ್ನಿಸೋದಿಲ್ಲ. ಇಲ್ಲಿ ಲಂಡನ್‌ನಲ್ಲಿ ನನ್ನ ಜೊತೆ ಕೆಲಸ ಮಾಡೋ ನೈಜೀರಿಯಾದವಳಿಗೆ ಇಂಥ ವಿಡಿಯೋ ತೋರಿಸಿ ನೋಡಿ. "ನಮ್ಮ ಚರ್ಮ ಬಿಟ್ಟು ಉಳಿದದ್ದೆಲ್ಲ ಬೇಕು ಇವರಿಗೆ" ಅಂತಾಳೆ.

ಅನಂತ: ಅಂದ್ರೆ ಬಿಳಿಯ ದ್ವೇಷ ಮಾಡಿದ್ರೂ ತಪ್ಪು, ಪ್ರೀತಿ ಮಾಡಿದ್ರೂ ತಪ್ಪು?

ವಿನಾಯಕ: ಶೈಲಾ, ಬೇರೆಯವರ ವಿಷಯದಲ್ಲಿ ನಿನ್ನ ಮಾತು ಒಪ್ಪಬಹುದು. ಕ್ಲೆಗ್ ವಿಷಯದಲ್ಲಿ ಸ್ವಲ್ಪ ತಡಿ. ಹುಡುಗ ಇದ್ದಾಗ ಬೀದೀಲಿ ಗಿಟಾರ್ ಬಾರಿಸ್ತಿದ್ದ ಚಾರ್ಲಿ ಮ್ಜಿಲಾ ಅನ್ನೋ ಜುಲು ಕೂಲಿಯವನ ಬೆನ್ನು ಬಿದ್ದ. ಫ್ಲ್ಯಾಟ್ ಗುಡಿಸಿ ಒರೆಸೋ ಕೆಲಸ ಅವನದು. ಅವನ ಜೊತೆ ಕಾರ್ಮಿಕರ ಹಾಸ್ಟೆಲ್‌ಗಳಿಗೆ ಹೋದ. ಹಾಸ್ಟೆಲ್ ಅಂದ್ರೆ ನಮ್ಮ ಬಿಸಿಎಂ ಹಾಸ್ಟೆಲ್ ಅಲ್ಲ, ಹೆಂಡ್ತಿ ಮಕ್ಕಳನ್ನ ಊರಲ್ಲಿ ಬಿಟ್ಟು ಗಣಿಗೆ, ಫ್ಯಾಕ್ಟರಿಗೆ ಬಂದ ಗಂಡಸರನ್ನ ಸರ್ಕಾರ ತುಂಬಿಡ್ತಿದ್ದ ಜಾಗ. ಆಗ ಕರಿಯರನ್ನ ಬಿಳಿಯರನ್ನ ಬೇರೆ ಬೇರೆ ಇಡೋ ವರ್ಣಭೇದದ ಕಾನೂನು, ಬಿಳಿಯರು ಪರ್ಮಿಟ್ ಇಲ್ಲದೆ ಅಲ್ಲಿ ಕಾಲಿಡೋ ಹಾಗಿಲ್ಲ. ಹದಿನೈದನೇ ವಯಸ್ಸಿಗೇ ಪೊಲೀಸರು ಹಿಡಿದರು. ಮತ್ತೂ ಹೋದ. ಕುಣಿತ ಕಲಿತದ್ದು ಅಲ್ಲಿ, ಟಿವಿ ನೋಡಿ ಅಲ್ಲ.

ಶೈಲಾ: ಹಿಡಿದರು, ಮನೆಗೂ ಹೋದ ಅಲ್ವಾ? ಅದೇ ಚಾರ್ಲಿ ಪಾಸ್ ಪುಸ್ತಕ, ಅಂದ್ರೆ ಕರಿಯರ ಓಡಾಟದ ಪರ್ಮಿಟ್, ಇಲ್ಲದೆ ಬಿಳಿಯರ ಬೀದೀಲಿ ಸಿಕ್ಕಿದ್ರೆ? ಜೈಲು, ಇಲ್ಲಾ ಊರಿಗೆ ಅಟ್ಟೋದು. ಒಂದೇ ಕಾನೂನು, ಇಬ್ಬರಿಗೆ ಎರಡು ಏಟು.

ವಿನಾಯಕ: ಅದಕ್ಕೆ ಎದುರು ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಆದ್ರೆ ಅವನು ಒಬ್ಬನೇ ಹೋಗಿ ಹೆಸರು ಮಾಡ್ಲಿಲ್ಲ. ಸಿಫೊ ಮ್ಚುನು ಅಂತ ಒಬ್ಬ ಜುಲು, ನಟಾಲ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವನು. "ಯಾವನೋ ಬಿಳಿ ಹುಡುಗ ಜುಲು ಗಿಟಾರ್ ಬಾರಿಸ್ತಾನಂತೆ, ನೋಡೇಬಿಡ್ತೆ" ಅಂತ ಪಂಥಕ್ಕೆ ಬಂದ. ಇಬ್ಬರೂ ಸೇರಿ 'ಜುಲುಕಾ' ಅಂತ ತಂಡ ಕಟ್ಟಿದರು, 1979ರಲ್ಲಿ ಮೊದಲ ಆಲ್ಬಮ್. ಕರಿಯ-ಬಿಳಿಯ ಒಂದೇ ವೇದಿಕೆ ಏರಿದ್ರೆ ಪೊಲೀಸರು ಬರೋ ಕಾಲ. ಚರ್ಚು, ಕಾಲೇಜು ಹಾಲು, ಯಾರದೋ ಮನೆ, ಹಾಸ್ಟೆಲ್ಲು, ಹೀಗೆ ಕದ್ದುಮುಚ್ಚಿ ಹಾಡಿದರು. ಸರ್ಕಾರಿ ರೇಡಿಯೋದಲ್ಲಿ ಭಾಷೆಗೊಂದು ಸ್ಟೇಷನ್, ಇಂಗ್ಲಿಷ್-ಜುಲು ಕಲಸಿದ ಹಾಡಿಗೆ ಯಾವುದರಲ್ಲೂ ಜಾಗ ಇಲ್ಲ.

ಪ್ರಕಾಶ: ಇಷ್ಟು ಮಾಡಿದವನ ಮೇಲೂ ಸಿಟ್ಟಾ?

ವಿನಾಯಕ: ಮಜಾ ಕೇಳು. 1988ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಮಂಡೇಲಾಗೆ 70 ತುಂಬಿದ್ದಕ್ಕೆ ದೊಡ್ಡ ಸಂಗೀತ ಕಾರ್ಯಕ್ರಮ. ಮಂಡೇಲಾ ಹಾಡು ಕಟ್ಟಿದ ಕ್ಲೆಗ್‌ಗೇ ಅಲ್ಲಿ ಜಾಗ ಇಲ್ಲ! ದಕ್ಷಿಣ ಆಫ್ರಿಕದಲ್ಲೇ ಇದ್ದು ಅಲ್ಲೇ ಹಾಡ್ತಾನೆ, ವರ್ಣಭೇದ ಸರ್ಕಾರದ ವಿರುದ್ಧ ಕಲಾವಿದರಿಗೆ ಹಾಕಿದ್ದ ಬಹಿಷ್ಕಾರ ಮುರಿದ, ಅಂತ ಬ್ರಿಟನ್ನಿನ ಸಂಗೀತಗಾರರ ಸಂಘ ತಡೀತು. ಇತ್ತ ಸರ್ಕಾರಕ್ಕೂ ಬೇಡ, ಅತ್ತ ಹೋರಾಟಕ್ಕೂ ಬೇಡ.

ಶೈಲಾ: ಬಹಿಷ್ಕಾರ ಬಿಳಿಯರ ಹಠ ಅಲ್ಲ ವಿನಾಯಕ, ಮಂಡೇಲಾ ಪಕ್ಷ ಎಎನ್‌ಸಿ ಕೇಳಿದ್ದು, ವಿಶ್ವಸಂಸ್ಥೆ ಒಪ್ಪಿದ್ದು. ಸರಿ, ನಿನ್ನ ಸಿಫೊ 1985ರಲ್ಲಿ ಊರಿಗೆ ವಾಪಸ್ ಹೋದ ಅಲ್ವಾ?

ವಿನಾಯಕ: ಹೌದು, ದನ ಸಾಕ್ತೆ ಅಂತ. ಅವನ ಇಷ್ಟ. 1997ರಲ್ಲಿ ಮತ್ತೆ ಕೂಡಿ ಆಲ್ಬಮ್ ಮಾಡಿದ್ರು.

ಶೈಲಾ: ಇರಲಿ. ಆಮೇಲೆ ಫ್ರಾನ್ಸಿನಲ್ಲಿ ಕ್ಲೆಗ್‌ಗೆ 'ಬಿಳಿ ಜುಲು' ಅಂತ ಬಿರುದು, ಸಾವಿರಾರು ಜನ. ಬರೀ ಜುಲು ಆದವನಿಗೆ ಬಿರುದು ಕೊಟ್ಟವರು ಯಾರಿದ್ದಾರೆ?

(ಇಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶೈಲಾ ಹೈಸ್ಕೂಲಲ್ಲೂ ಹೀಗೇ, ಚರ್ಚಾಸ್ಪರ್ಧೆಯಲ್ಲಿ ನಮ್ಮನ್ನೆಲ್ಲ ಕೂರಿಸಿದವಳು.)

ಅನಂತ: ಗೋಕರ್ಣದಲ್ಲಿ ಬಿಳಿಯರು ರುದ್ರಾಕ್ಷಿ ಹಾಕ್ತಾರೆ, ಜಟೆ ಬಿಡ್ತಾರೆ, ಓಂ ಅಂತಾರೆ. ನಮಗೆ ಹೆಮ್ಮೆ ಆಗ್ತದೆ. ಆಫ್ರಿಕದವರಿಗೆ ಮಾತ್ರ ಯಾಕೆ ಉರಿ?

ಸಾವಿತ್ರಿ: ಹೆಮ್ಮೆ? ಚಡ್ಡಿ ಹಾಕ್ಕೊಂಡು ದೇವಸ್ಥಾನದ ಬಾಗಿಲಿಗೆ ಬಂದ್ರು ಅಂತ ನಿನ್ನ ಭಾವನೇ ಕೂಗಾಡಿದ್ನಲ್ಲ!

ಪ್ರಕಾಶ: ಅನಂತನ ಪ್ರಶ್ನೆ ಸರಿಯಾಗಿಯೇ ಇದೆ. ಬಿಳಿ ಹುಡುಗಿ ಸೀರೆ ಉಟ್ಟರೆ ನಮ್ಮ ಪೇಪರು ಫೋಟೋ ಹಾಕ್ತವೆ.

ಶೈಲಾ: ಯಾಕಂದ್ರೆ ಸೀರೆ ಉಟ್ಟಿದ್ದಕ್ಕೆ ನಿನ್ನ ಅಕ್ಕನನ್ನ ಯಾರೂ ಶಾಲೆಯಿಂದ ಹೊರಗೆ ಹಾಕಿಲ್ಲ. 2016ರಲ್ಲಿ ಪ್ರಿಟೋರಿಯಾದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಕರಿಯ ಹುಡುಗಿಯರು ಪ್ರತಿಭಟನೆಗೆ ಇಳಿದರು. ತಲೇಲಿ ಹುಟ್ಟಿದ ಗುಂಗುರು ಕೂದಲು ಹಾಗೇ ಬಿಟ್ಟದ್ದಕ್ಕೆ "ಅಚ್ಚುಕಟ್ಟಾಗಿಲ್ಲ, ನೇರ ಮಾಡಿಸ್ಕೊಂಡು ಬಾ" ಅಂತ ಹೇಳ್ತಿದ್ರು ಅನ್ನೋದು ಅವರ ದೂರು. ಮಂಡೇಲಾ ಅಧ್ಯಕ್ಷರಾಗಿ 22 ವರ್ಷ ಆದಮೇಲಿನ ಮಾತು ಇದು. ಅದೇ ಕೂದಲಿನ ಜಡೆ ಬಿಳಿ ತಲೆ ಮೇಲೆ ಬಂದ್ರೆ ಫ್ಯಾಷನ್ ಪತ್ರಿಕೆ. ಹೊಟ್ಟೆ ಉರಿಯೋದಿಲ್ವಾ?

ಪ್ರಕಾಶ: ಆದ್ರೆ 2020ರಲ್ಲಿ ನಿಮ್ಮ ಬಿಳಿ ಗಾಯಕಿ ಅಡೆಲ್ ಆಫ್ರಿಕದವರ ಹಾಗೆ ಜಡೆಗಂಟು ಕಟ್ಕೊಂಡು, ಜಮೈಕಾ ಬಾವುಟದ ಬಟ್ಟೆ ಹಾಕಿ ಫೋಟೋ ಹಾಕಿದಾಗ? ಅಮೆರಿಕದವರು ಬೈದ್ರು, ಜಮೈಕಾದ ಎಷ್ಟೋ ಜನ "ನಮಗೆ ಖುಷಿಯೇ" ಅಂದ್ರು. ಯಾರ ಸಿಟ್ಟನ್ನ ನಂಬೋದು?

ವಿನಾಯಕ: ಎರಡನ್ನೂ. ಇಲ್ಲಿ ನನ್ನ ಆಫೀಸಿನ ಜುಲು ಗೆಳೆಯರು ಕ್ಲೆಗ್ ಹಾಡು ಬಂದ್ರೆ ಎದ್ದು ಕಾಲೆತ್ತಿ ನೆಲಕ್ಕೆ ಒದ್ದು ಕುಣೀತಾರೆ. 2019ರಲ್ಲಿ ಅವನು ತೀರಿಕೊಂಡಾಗ ಮನೆಯವರೇ ಹೋದ ಹಾಗೆ ಮಾತಾಡಿದ್ರು. ಊರು, ಭಾಷೆ, ಬಹುಮತ ಎಲ್ಲ ತಮ್ಮದೇ ಇದ್ದಲ್ಲಿ ಹೊರಗಿನವ ಬಂದು ಕುಣಿದ್ರೆ ಚಪ್ಪಾಳೆ. ನೂರಕ್ಕೆ ಹತ್ತು ಜನ ಇದ್ದು, ಕೂದಲಿನಿಂದ ಕೆಲಸ ಹೋಗೋ ಕಡೆ ಅದೇ ಕುಣಿತ ಚುಚ್ತದೆ.

ಶೈಲಾ: ದುಡ್ಡಿನ ಮಾತು ಬಿಟ್ಟುಬಿಟ್ಟೆ. 'ದ ಲಯನ್ ಸ್ಲೀಪ್ಸ್ ಟುನೈಟ್' ಹಾಡು ಗೊತ್ತಲ್ಲ, 'ಲಯನ್ ಕಿಂಗ್'ನಲ್ಲಿ ಬರ್ತದಲ್ಲ?

ಸಾವಿತ್ರಿ: ಅಯ್ಯೋ, ನನ್ನ ಮಗನ ಮೊದಲ ಹಾಡು ಅದು. ಅವೀಂಬವೇ ಅವೀಂಬವೇ.

ಶೈಲಾ: ಅದರ ಮೂಲ 'ಮ್ಬೂಬೆ'. ಸೊಲೊಮನ್ ಲಿಂಡಾ ಅನ್ನೋ ಜುಲು ಗಾಯಕ 1939ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ರೆಕಾರ್ಡ್ ಮಾಡಿದ್ದು. ಹಕ್ಕು ಬರೆದುಕೊಟ್ಟದ್ದು ಹತ್ತು ಶಿಲಿಂಗಿಗೆ. ಹಾಡು ಅಮೆರಿಕಕ್ಕೆ ಹೋಯ್ತು, ಬಿಳಿಯರ ತಂಡಗಳು ಹಾಡಿದ್ವು, 1961ರಲ್ಲಿ ಟೋಕನ್ಸ್ ಅನ್ನೋ ತಂಡ ಹಾಡಿದ್ದು ಅಲ್ಲಿ ಒಂದನೇ ನಂಬರ್. ಮರುವರ್ಷ ಲಿಂಡಾ ಸತ್ತ, ಬಡತನದಲ್ಲಿ. ಗೋರಿಗೆ ಕಲ್ಲು ಬರೋಕೆ ಎಷ್ಟೋ ವರ್ಷ ಬೇಕಾಯ್ತು. ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, 2006ರಲ್ಲಿ ರಾಜಿ ಆದಮೇಲೆ ಸರಿಯಾಗಿ ಕಾಸು ಕಂಡರು. ಈಗ ಹೇಳು ಅನಂತ, ಅವರು ಬಿಳಿಯರನ್ನ ನೋಡಿ ಕೈ ಮುಗೀಬೇಕಾ?

ಅನಂತ: ಅದು ಕಂಪನಿಯವರ ಮೋಸ, ಹಾಡಿದವರದ್ದಲ್ಲ. ಕಮಿಷನ್ ಏಜೆಂಟ್ ಮೋಸ ಮಾಡಿದ್ರೆ ಅಡಿಕೆ ತಿಂದವನ ಮೇಲೆ ಕೇಸ್ ಹಾಕ್ತೀಯಾ?

ವಿನಾಯಕ: ಅನಂತ ಮಂಡಿ ಬಿಟ್ಟು ಹೊರಗೆ ಬರೋದೇ ಇಲ್ಲ. ಆದ್ರೆ ಮಾತಿನಲ್ಲಿ ಜೀವ ಇದೆ. ಅಮೆರಿಕದ ಬಿಳಿ ಗಾಯಕ ಪಾಲ್ ಸೈಮನ್ 'ಗ್ರೇಸ್‌ಲ್ಯಾಂಡ್' ಆಲ್ಬಮ್‌ಗೆ ಇಲ್ಲಿಗೆ ಬಂದಾಗ ಕಲಾವಿದರಿಗೆ ನ್ಯೂಯಾರ್ಕ್ ದರದ ಮೂರು ಪಟ್ಟು ಕೊಟ್ಟ, ಜೊತೆಗೂಡಿ ಬರೆದ ಹಾಡಿಗೆ ಅವರ ಹೆಸರೂ ಹಾಕಿದ. ಆದರೂ ಅಮೆರಿಕದ ಕರಿಯ ವಿದ್ಯಾರ್ಥಿಗಳು ಅವನನ್ನ ನಿಲ್ಲಿಸಿ ಕದ್ದೆ ಅಂತ ಕೇಳಿದ್ರು. ದಕ್ಷಿಣ ಆಫ್ರಿಕದ ಕರಿಯ ಕಲಾವಿದರಾದ ಮಿರಿಯಂ ಮಕೇಬಾ, ಹ್ಯೂ ಮಸೆಕೆಲಾ ಮಾತ್ರ ಅವನ ಜೊತೆಗೇ ಊರೂರು ತಿರುಗಿದ್ರು. ದುಡ್ಡು ಸರಿ ಕೊಟ್ಟ ಮಾತ್ರಕ್ಕೆ ಸಿಟ್ಟು ಇಳಿಯೋದಿಲ್ಲ.

ಸಾವಿತ್ರಿ: ಆಯ್ತು, ರಾತ್ರಿ ಹತ್ತೂವರೆ. ಡಿಸೆಂಬರ್ ರಿಯೂನಿಯನ್ ವಿಷಯ ಹೇಳ್ಲಾ? ರಿಸಾರ್ಟಿನವರು ಊಟದ ಜೊತೆ ಸಿದ್ದಿ ಡ್ಯಾನ್ಸ್ ಇಟ್ಟು ಪ್ಯಾಕೇಜ್ ಕೊಡ್ತಾರಂತೆ.

ಜೂಜೆ: ಅಷ್ಟೊತ್ತಿಂದ ಓದ್ತಾ ಇದ್ದೆ. ಎಲ್ಲ ಜೋಹಾನ್ಸ್‌ಬರ್ಗು, ಲಂಡನ್ನು. ಯಲ್ಲಾಪುರದಲ್ಲಿ ಕೂತವನನ್ನ ಯಾರೂ ಕೇಳ್ಲಿಲ್ಲ.

ಪ್ರಕಾಶ: ನೀನು ಗುಂಪಲ್ಲಿ ಇದ್ದೀಯ ಅನ್ನೋದೇ ಮರೆತಿತ್ತು ಮಾರಾಯ!

ಜೂಜೆ: ಗೊತ್ತಾಯ್ತು. ಆ ಪ್ಯಾಕೇಜಿನಲ್ಲಿ ಕುಣಿಯೋರು ನಮ್ಮ ಕೇರಿಯ ಸಿದ್ದಿಗಳೇ, ಹಿಂದೆ ಯಾವತ್ತೋ ಆಫ್ರಿಕದಿಂದ ಬಂದವರ ಸಂತತಿ ನಾವು. ಡಮಾಮಿ ಅಂದ್ರೆ ನಮ್ಮ ಡೋಲು, ಅದರ ಮದುವೆ ಮನೆ ಕುಣಿತಕ್ಕೂ ಅದೇ ಹೆಸರು. ನಮ್ಮಜ್ಜ ಪಂಚೆ ಉಟ್ಟು ಕುಣೀತಿದ್ದ. ರಿಸಾರ್ಟಿನವರು ಎಲೆಯ ಲಂಗ ಕೊಡ್ತಾರೆ, ಮುಖಕ್ಕೆ ಬಿಳಿ ಬಣ್ಣ ಬಳೀರಿ ಅಂತಾರೆ. ಆಫ್ರಿಕಾ ತರ ಕಾಣ್ಬೇಕಂತೆ. ನಾವು ಆಫ್ರಿಕಾ ನೋಡಿದ್ದು ಟಿವಿಯಲ್ಲಿ. ಅದೇ ಹುಡುಗರು ಹುಬ್ಬಳ್ಳೀಲಿ ರೂಮ್ ಕೇಳಿದ್ರೆ "ಯಾವ ದೇಶ, ಪಾಸ್‌ಪೋರ್ಟ್ ತೋರ್ಸು" ಅಂತಾರೆ. ಕನ್ನಡದಲ್ಲಿ ಉತ್ತರ ಕೊಟ್ರೆ "ಕನ್ನಡ ಚೆನ್ನಾಗಿ ಕಲ್ತಿದ್ದೀಯ" ಅಂತ ಬೆನ್ನು ತಟ್ತಾರೆ.

ವಿನಾಯಕ: ಜೂಜೆ, ಹೇಳು.

ಜೂಜೆ: 1987ರಲ್ಲಿ ಸಿದ್ದಿ ಮಕ್ಕಳು ಚೆನ್ನಾಗಿ ಓಡ್ತಾರೆ ಅಂತ ಕ್ರೀಡಾ ಪ್ರಾಧಿಕಾರದವರು ಆರಿಸಿ ಕರ್ಕೊಂಡು ಹೋದ್ರು. ಕೆಲವು ವರ್ಷಕ್ಕೆ ಯೋಜನೆ ನಿಂತಿತು, ಎಷ್ಟೋ ಜನ ಊರಿಗೆ ವಾಪಸ್. ನಮ್ಮ ಜಿಲ್ಲೆಯ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಓಟ ಬೇಕು, ಕುಣಿತ ಬೇಕು. ಇನ್ನೊಂದು ನೆನಪದೆಯಾ ನಿಮಗೆ? ಹತ್ತನೇ ಕ್ಲಾಸಿನ ಗ್ಯಾದರಿಂಗು.

ಅನಂತ: ಯಾವುದು?

ಜೂಜೆ: ನೀವು ಐದು ಜನ ಮೈಗೆ ಇದ್ದಿಲು ಬಳ್ಕೊಂಡು 'ಆಫ್ರಿಕನ್ ಡ್ಯಾನ್ಸ್' ಮಾಡಿದ್ರಿ. ಅನಂತ, ಪ್ರಕಾಶ, ಇನ್ನೂ ಮೂವರು. ಹೆಜ್ಜೆ ಹೇಳಿಕೊಟ್ಟದ್ದು ನಾನು. ಪರದೆ ಹಿಂದೆ ಕೂತು ಡಮಾಮಿ ಬಾರಿಸಿದ್ದೂ ನಾನು. ಫಸ್ಟ್ ಪ್ರೈಜು ಬಂತು, ಸ್ಟೀಲ್ ಡಬ್ಬಿ. ಐದೇ ಡಬ್ಬಿ.

(ಐದು ಜನರಲ್ಲಿ ನಾನೂ ಒಬ್ಬ. ಯಾರೋ 'ಟೈಪಿಂಗ್' ಅಂತ ಬಂದು ಹೋಗಿ, ಬಂದು ಹೋಗಿ ಮಾಡಿದರು.)

ಅನಂತ: ಹುಡುಗಾಟ ಮಾರಾಯ ಅದು. ಮೂವತ್ತು ವರ್ಷದ ಲೆಕ್ಕ ಈಗ ತೆಗೀತೀಯಾ?

ಜೂಜೆ: ಲೆಕ್ಕ ತೆಗೆದದ್ದು ನೀನು. ಬಿಳಿಯ ಕುಣಿದದ್ದನ್ನ ನೀನೇ ಕಳಿಸಿದ್ದು. ನಂಗೆ ಆ ಮನುಷ್ಯ ಹಿಡಿಸಿದ, ಹಾಡೂ ಚಲೋ ಇದೆ. ಹಾಸ್ಟೆಲ್‌ನವರ ಜೊತೆ ಉಂಡು, ಕಲಿತು, ಜೊತೆಗಾರನನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು ಹಾಡಿದ್ದಾನೆ. ನೀವು ನನ್ನನ್ನ ಪರದೆ ಹಿಂದೆ ಕೂರಿಸಿದ್ರಿ.

ಶೈಲಾ: ಆ ಕ್ಲಾಸಿನಲ್ಲಿ ನಾನೂ ಚಪ್ಪಾಳೆ ತಟ್ಟಿದ್ದೆ.

ಅನಂತ: ಎಲ್ಲರೂ ಈಗ ನನ್ನ ಮೇಲೆ ಬೀಳ್ರಿ. ನಾನು ಕಳಿಸಿದ್ದು ಪಂಚೆ ವಿಷಯಕ್ಕೆ!

ಸಾವಿತ್ರಿ: ಜೂಜೆ, ರಿಸಾರ್ಟ್ ಬೇಡ ಹಾಗಾದ್ರೆ. ನಿಮ್ಮ ಕೇರಿಯವರನ್ನೇ ಕರೀಬಹುದಾ, ನೇರ?

ಜೂಜೆ: ಕರೀಬಹುದು. ಹನ್ನೆರಡು ಮಂದಿ, ಆಳಿಗೆ ಎರಡು ಸಾವಿರ, ಗಾಡಿ ಬಾಡಿಗೆ ಬೇರೆ. ಎಲೆ ಲಂಗ ಇಲ್ಲ. ಊಟ ನಿಮ್ಮ ಪಂಕ್ತೀಲೇ. ಅರ್ಧ ದುಡ್ಡು ಮುಂಗಡ.

ಅನಂತ: ಕ್ಲಾಸ್‌ಮೇಟ್ ಅಂತ ಸ್ವಲ್ಪ ಕಡಿಮೆ ಇಲ್ವಾ?

ಜೂಜೆ: ಇಲ್ಲ.

ಸಾವಿತ್ರಿ: ತಲೆಗೆ ಎಂಟುನೂರು ಬೀಳ್ತದೆ. ಅನಂತ, ನಿನ್ನದು ಈಗಲೇ ಹಾಕು. ಹೋದ ಸಲದ್ದೂ ಬಾಕಿ ಇದೆ.