ಅಪ್‌ಡೇಟ್: ಅಳಿಸಿದ ಹೆಸರು ಮತ್ತೆ ಬರುತ್ತಿದ್ದ ಸಮಸ್ಯೆ ಬಗೆಹರಿಯಿತು

ಪುಣೆಯ ನಮ್ಮ ಕನ್ನಡ ಬಳಗದ ಸದಸ್ಯರ ಪಟ್ಟಿಗೆ ವಿಂಡೋಸ್ ಫಾರ್ಮ್ಸ್‌ನಲ್ಲಿ (ವಿಂಡೋಸ್‌ಗೆ ಅಪ್ಲಿಕೇಶನ್ ಕಟ್ಟುವ ಮೈಕ್ರೋಸಾಫ್ಟ್ ಸಾಧನ) ಮಾಡಿದ ಅಪ್ಲಿಕೇಶನ್ ಬಗ್ಗೆ ಕೇಳಿದ್ದೆ. ಗ್ರಿಡ್‌ನಲ್ಲಿ (ಪಟ್ಟಿಯನ್ನು ಪರದೆಯ ಮೇಲೆ ತೋರಿಸುವ ಕೋಷ್ಟಕ) ಅಳಿಸಿದ ಹೆಸರು, ಫಾರ್ಮ್ ಮತ್ತೆ ತೆರೆದರೆ ಹಾಗೇ ಇರುತ್ತಿತ್ತು. ಈಗ ಸರಿಹೋಗಿದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕಾರಣ ಇಷ್ಟೇ: ಡೇಟಾಟೇಬಲ್‌ನ (ಡೇಟಾಬೇಸ್‌ನಿಂದ ತಂದು ಮೆಮೊರಿಯಲ್ಲಿ ಇಟ್ಟ ಪ್ರತಿ) ಸಾಲಿಗೆ 'ರಿಮೂವ್' ಬಳಸಿದರೆ ಆ ಸಾಲು ಮೆಮೊರಿಯಿಂದಷ್ಟೇ ಹೋಗುತ್ತದೆ. ಅಳಿಸಬೇಕು ಎಂಬ ಗುರುತೇ ಉಳಿಯುವುದಿಲ್ಲ. ಹಾಗಾಗಿ ಅಡಾಪ್ಟರ್‌ನ (ಈ ಪ್ರತಿಯ ಬದಲಾವಣೆಗಳನ್ನು ಡೇಟಾಬೇಸ್‌ಗೆ ಮುಟ್ಟಿಸುವ ಭಾಗ) 'ಅಪ್‌ಡೇಟ್' ಆ ಸಾಲಿನ ಬಗ್ಗೆ ಡೇಟಾಬೇಸ್‌ಗೆ ಏನೂ ಹೇಳುವುದಿಲ್ಲ. 'ಡಿಲೀಟ್' ಕರೆದರೆ ಗುರುತು ಬೀಳುತ್ತದೆ, ಆಮೇಲೆ 'ಅಪ್‌ಡೇಟ್' ನಿಜವಾಗಿ ಅಳಿಸುತ್ತದೆ. ನಡುವೆ 'ಅಕ್ಸೆಪ್ಟ್‌ಚೇಂಜಸ್' (ಬದಲಾವಣೆಗಳು ಮುಗಿದವು ಎಂದು ಟೇಬಲ್‌ಗೆ ಹೇಳುವ ಕರೆ) ಬೇಡವೇ ಬೇಡ, ಅದೂ ಗುರುತನ್ನು ಒರೆಸಿಬಿಡುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಮುಖ್ಯ. ಪಟ್ಟಿಯನ್ನು ಸಾರ್ಟ್ ಮಾಡಿದ ಮೇಲೆ ಗ್ರಿಡ್‌ನ ಸಾಲಿನ ನಂಬರ್ ಬೇರೆ, ಟೇಬಲ್‌ನದ್ದು ಬೇರೆ. ನಂಬರ್ ನಂಬಿದರೆ ಇನ್ಯಾರದೋ ಹೆಸರು ಹೋಗಬಹುದು, ಅಲ್ವಾ? ಆರಿಸಿದ ಸಾಲಿನ 'ಡೇಟಾಬೌಂಡ್‌ಐಟಂ' (ಗ್ರಿಡ್‌ನ ಆ ಸಾಲಿನ ಹಿಂದಿರುವ ನಿಜವಾದ ಡೇಟಾ) ಹಿಡಿದೇ ಅಳಿಸಿ.